ಮುದುಕಿಯ ಹೊಗೆ ಪರೀಕ್ಷೆ

"ಫೇಲ್."

ಅವನು ಹೇಳಿದ್ದು ಅಷ್ಟೇ. ತಲೆ ಎತ್ತಿ ಅವಳ ಮುಖವನ್ನೂ ನೋಡಲಿಲ್ಲ.

ಹೊಗೆ ತಪಾಸಣೆ ಕೇಂದ್ರದ ತಗಡಿನ ಶೆಡ್ಡಿನಲ್ಲಿ ಬೆಳಗಿನಿಂದ ಕಾದು ಕಾದು ಅವಳ ತಾಳ್ಮೆ ಆಗಲೇ ತಳ ಕಂಡಿತ್ತು. ಮುಂದಿದ್ದ ಗಾಡಿಗಳೆಲ್ಲ ಪಾಸಾಗಿ ಹೋಗಿದ್ದವು. ಒಂದು ವ್ಯಾನಂತೂ ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಬಂದಿತ್ತು. ಅದೂ ಪಾಸು!

"ಏನಂದ್ರಿ?"

"ಗಾಡಿ ಫೇಲ್ ಆಗಿದೆ ಮೇಡಂ. ಇರಬೇಕಾದ್ದಕ್ಕಿಂತ ಹೊಗೆ ಜಾಸ್ತಿ." ತಪಾಸಣೆ ಮಾಡುವವನು ಸೈಲೆನ್ಸರಿನ ಬಾಯಿಗೆ ತೂರಿಸಿದ್ದ ಕೊಳವೆಯನ್ನು ಎಳೆದು ಗೂಟಕ್ಕೆ ನೇತುಹಾಕಿದ. "ರಿಪೇರಿ ಮಾಡಿಸ್ಕೊಂಡು ಬನ್ನಿ."

"ಎಲ್ಲಿದೆ ಹೊಗೆ? ನನ್ನ ಕಣ್ಣಿಗೆ ಒಂದು ಎಳೆನೂ ಕಾಣ್ತಿಲ್ಲ."

"ಎಲ್ಲಾ ಹೊಗೆನೂ ಕಣ್ಣಿಗೆ ಕಾಣಲ್ಲ."

"ಕಣ್ಣಿನ ವಿಷಯ ನನಗೆ ಹೇಳ್ಬೇಡಿ. ಕನ್ನಡಕದ ಅಂಗಡಿ ನಂದು. ದಿನಾ ನೂರು ಕಣ್ಣು ನೋಡ್ತೀನಿ." ಅವಳು ಕೌಂಟರಿನ ಮೇಲೆ ತನ್ನ ಅಂಗಡಿಯ ಕಾರ್ಡನ್ನು ಪಟ್ಟೆಂದು ಇಟ್ಟಳು. "ನೀವು ಆ ಸ್ಕ್ರೀನನ್ನ ಹುಬ್ಬು ಗಂಟಿಕ್ಕಿ ಓದ್ತಾ ಇದ್ದೀರಿ. ಒಂದು ಇದ್ದದ್ದು ಏಳು ಅಂತ ಕಂಡಿರುತ್ತೆ. ಮೊದ್ಲು ನಿಮ್ಮ ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ, ಆಮೇಲೆ ಜನರ ಗಾಡಿ ಪರೀಕ್ಷೆ ಮಾಡಿ."

ಆಗ ಅವನು ತಲೆ ಎತ್ತಿದ. ಕೋಪ ಬರಬೇಕಿದ್ದ ಮುಖದಲ್ಲಿ ನಗು ಇತ್ತು. ಕಪ್ಪು ಮಸಿ ಹತ್ತಿದ ಬೆರಳಿನಲ್ಲಿ ಕಾರ್ಡನ್ನು ಎತ್ತಿ, ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಓದಿದ.

'ನೋಡು, ನಾನು ಹೇಳಿದ್ದೇ ಸರಿ!' ಎಂದುಕೊಂಡಳು ಅವಳು. ಆದರೂ ಆ ನಗು ಯಾಕೋ ಮನೆ ತನಕ ಜೊತೆಗೇ ಬಂತು. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ದಾರಿಯಲ್ಲೇ ಅವನಿಗೊಂದು ಹೆಸರಿಟ್ಟಳು. ಹೊಗೆ ಸಾಹೇಬ.

ಈ ಕಾರು ಮಾರಲೇಬೇಕಿತ್ತು.

ಅದು ಅಪ್ಪನ ಕಾರು. ಅಪ್ಪ ಊರೂರು ತಿರುಗಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ ಕಾಲದ್ದು. ಡಿಕ್ಕಿ ತೆರೆದರೆ ಈಗಲೂ ಮಷಿನ್ ಎಣ್ಣೆಯ ವಾಸನೆ. ಕೊಂಡ ಕಾಲಕ್ಕೇ ಏರು ಬಂದರೆ ನರಳುತ್ತಿತ್ತಂತೆ, ಹಾಗಾಗಿ ಅಪ್ಪ ಅದಕ್ಕೆ ಇಟ್ಟ ಹೆಸರು ಮುದುಕಿ. ಅಮ್ಮ ಹೋದ ಮೇಲೆ ಮನೆಯಲ್ಲಿ ಇದ್ದದ್ದು ಅಪ್ಪ, ಮಗಳು, ಅಂಗಳದಲ್ಲಿ ಮುದುಕಿ.

ಆದರೆ ಅಪ್ಪನ ಕಣ್ಣು ಕೈಕೊಡುತ್ತಾ ಬಂದಿತ್ತು. ನೇರ ಇದ್ದದ್ದು ಕಾಣುತ್ತಿತ್ತು, ಪಕ್ಕದಿಂದ ಬಂದದ್ದು ಕಾಣುತ್ತಿರಲಿಲ್ಲ. ಒಂದು ದಿನ ತಿರುವಿನಲ್ಲಿ ಸೈಕಲ್ ಮೇಲಿದ್ದ ಹೆಂಗಸೊಬ್ಬಳು ಕೂದಲೆಳೆಯಲ್ಲಿ ಉಳಿದಳು. ಅಂದೇ ಮಗಳು ಅಪ್ಪನನ್ನು ಅಂಗಡಿಯಲ್ಲಿ ಕೂರಿಸಿ, ಪರೀಕ್ಷೆ ಮಾಡಿ, ಬೇರೆ ಗಿರಾಕಿಗಳ ಎದುರಿಗೇ "ಇನ್ನು ನೀವು ಗಾಡಿ ಮುಟ್ಟಬಾರ್ದು" ಎಂದು ಹೇಳಿಬಿಟ್ಟಿದ್ದಳು. ಮನೆಗೆ ಬಂದು ಗೋಡೆಯ ಮೊಳೆಯಿಂದ ಕೀಲಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಳು.

"ಆಯ್ತು. ಗಾಡಿ ಗೇಟು ದಾಟಿಸಲ್ಲ, ಮಾತು ಕೊಡ್ತೀನಿ," ಎಂದಿದ್ದರು ಅಪ್ಪ. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಮಾತು ಕೊಟ್ಟರೇನು, ಕಾರು ಕಣ್ಣೆದುರು ಇದ್ದರೆ ಒಂದಲ್ಲ ಒಂದು ದಿನ ದಾಟಿಸಿಯೇ ದಾಟಿಸುತ್ತಾರೆ ಎಂಬ ಭಯ ಅವಳಿಗೆ. ಅಂಗಡಿಯಲ್ಲಿದ್ದಾಗ ಹೊರಗೆ ಎಲ್ಲೋ ಬ್ರೇಕ್ ಹಾಕಿದ ಸದ್ದಾದರೂ ಬಾಗಿಲಿಗೆ ಓಡಿ ನೋಡುತ್ತಿದ್ದಳು. ಪುಣ್ಯಕ್ಕೆ ಡ್ರೈವಿಂಗ್ ಸ್ಕೂಲಿನ ಮೇಡಂ ಒಬ್ಬರು ಕಲಿಯುವವರಿಗೆ ಗಾಡಿ ಬೇಕೆಂದು ಮುಂದೆ ಬಂದಿದ್ದರು. ಹೊಗೆ ಪರೀಕ್ಷೆ ಪಾಸಾಗದೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವಂತಿರಲಿಲ್ಲ. ಅದೊಂದೇ ಬಾಕಿ ಎಂದುಕೊಂಡಿದ್ದಳು ಪಾಪ.

"ಏನಾಯ್ತು ಗುಬ್ಬಿ?" ಬಾಗಿಲಲ್ಲೇ ಕೇಳಿದರು ಅಪ್ಪ.

"ಫೇಲ್ ಅಂತೆ."

"ಅಯ್ಯೋ ಹೌದಾ," ಎಂದರು ಅಪ್ಪ. ಆ 'ಅಯ್ಯೋ'ದಲ್ಲಿ ದುಃಖ ಸ್ವಲ್ಪ ಕಡಿಮೆಯೇ ಇತ್ತು. ಅವಳು ಅದನ್ನು ಗಮನಿಸಲಿಲ್ಲ.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ. ಮಸಿ ಹಿಡಿದು ಕಪ್ಪಾಗಿದ್ದವು. ಹೊಸದು ಹಾಕಿ, ಫಿಲ್ಟರ್ ಬದಲಾಯಿಸಿ, "ಇನ್ನು ಕಣ್ಮುಚ್ಚಿ ಪಾಸ್," ಎಂದು ಬಾನೆಟ್ಟಿನ ಮೇಲೆ ತಟ್ಟಿದ. ಮುಂದಿನ ವಾರ ಅವಳು ತಲೆ ಎತ್ತಿಕೊಂಡು ಶೆಡ್ಡಿಗೆ ಹೋದಳು.

"ಆಕ್ಸಿಲರೇಟರ್ ಒತ್ತಿ. ಹಾಗೇ ಹಿಡ್ಕೊಳ್ಳಿ. ಸಾಕು ಬಿಡಿ."

ಬಿಟ್ಟಳು. ಅವನು ಸ್ಕ್ರೀನ್ ನೋಡಿದ, ಅವಳನ್ನು ನೋಡಿದ, ಮತ್ತೆ ಸ್ಕ್ರೀನ್ ನೋಡಿದ.

"ಹೇಳ್ಬೇಡಿ," ಎಂದಳು ಅವಳು.

"ಹೇಳಲ್ಲ. ನೀವೇ ಬಂದು ಓದಿ. ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ."

ಓದಿದಳು. ಕೆಂಪು ಅಕ್ಷರಗಳು. ಅಳು ಬರುವಂತಾಯಿತು. ಇವನ ಎದುರು ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಮೇಡಂ ಫೋನು. "ಮುಂದಿನ ಶನಿವಾರದ ತನಕ ನೋಡ್ತೀನಮ್ಮ. ಆಮೇಲೆ ಬೇರೆ ಗಾಡಿ ತಗೊಳ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು?

ಎರಡು ದಿನ ಬಿಟ್ಟು, ಅಂಗಡಿ ಖಾಲಿ ಇದ್ದ ಮಧ್ಯಾಹ್ನ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಸಾಕ್ಷಾತ್ ಹೊಗೆ ಸಾಹೇಬ. ಕೈ ಚೆನ್ನಾಗಿ ತೊಳೆದುಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಬೇರೆ.

"ಏನ್ ಬೇಕಿತ್ತು?"

"ಕಣ್ಣು ಪರೀಕ್ಷೆ ಮಾಡಿಸ್ಕೋ ಅಂತ ಒಬ್ರು ಬೈದಿದ್ರು. ಮಾಡಿಸ್ಕೊಳ್ಳೋಣ ಅಂತ ಬಂದೆ."

ಅವಳಿಗೆ ನಗು ಬಂತು. ಬಂದದ್ದನ್ನು ಅಲ್ಲೇ ನುಂಗಿಕೊಂಡಳು. ಒಳಗಿನ ಕತ್ತಲ ಕೋಣೆಯಲ್ಲಿ ಅವನನ್ನು ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟನ್ನಿಟ್ಟು, ಒಂದೊಂದೇ ಗಾಜು ಬದಲಿಸುತ್ತಾ ಹೋದಳು.

"ಇದು ಸ್ಪಷ್ಟವಾ? ಇಲ್ಲಾ ಇದು?"

"ಎರಡೂ ಒಂದೇ ಥರ ಇದೆ."

"ಸುಳ್ಳು ಹೇಳ್ಬೇಡಿ. ಕೆಳಗಿನ ಸಾಲು ಓದಿ."

ಓದಿದ. ಎಲ್ಲಾ ತಪ್ಪು.

"ಫೇಲ್," ಎಂದಳು ಅವಳು. ಆ ಒಂದು ಶಬ್ದ ಹೇಳುವುದರಲ್ಲಿ ಎಷ್ಟು ಸುಖ ಇತ್ತು ಅಂದರೆ, ಕೇಳಬೇಡಿ.

ಅವನು ಜೋರಾಗಿ ನಕ್ಕ. ಕತ್ತಲಲ್ಲಿ ಆ ನಗು ತೀರಾ ಹತ್ತಿರದಲ್ಲಿತ್ತು. ಗಾಜು ಸರಿ ಮಾಡುವ ಅವಳ ಬೆರಳು ಅವನ ಕೆನ್ನೆಗೆ ತಾಗಿತು. ದಿನಾ ಎಷ್ಟೋ ಜನರಿಗೆ ತಾಗುವ ಬೆರಳೇ ಅದು. ಇವತ್ತೇನು ಹೊಸದು... ಅವಳು ದೀಪ ಹಾಕಿಬಿಟ್ಟಳು.

"ಪಕ್ಕದ ನೋಟ ಚೆನ್ನಾಗಿದೆ. ಹತ್ತಿರದ್ದು ಓದೋಕೆ ಕನ್ನಡಕ ಬೇಕು. ಭಯ ಏನಿಲ್ಲ, ವಯಸ್ಸಿಗೆ ಸ್ವಲ್ಪ ಮುಂಚೆ ಬಂದಿದೆ ಅಷ್ಟೇ." ಗಿರಾಕಿಗಳೊಡನೆ ಅವಳದು ಯಾವಾಗಲೂ ಈ ಮೆತ್ತನೆಯ ದನಿ.

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. "ಒಂದು ಮಾತು ಕೇಳ್ಲಾ? ನಿಮ್ಮ ಗಾಡಿನ ಯಾರಾದ್ರೂ ಓಡಿಸದೇ ಸುಮ್ನೆ ಸ್ಟಾರ್ಟ್ ಮಾಡಿ ಇಡ್ತಾರಾ? ನಿಂತಲ್ಲೇ ತಣ್ಣಗೆ ಉರಿದ್ರೆ ಮಾತ್ರ ಅಷ್ಟು ಬೇಗ ಮಸಿ ಕಟ್ಟುತ್ತೆ."

"ಸಾಧ್ಯನೇ ಇಲ್ಲ. ಕೀ ನನ್ನ ಬ್ಯಾಗಲ್ಲೇ ಇರುತ್ತೆ."

"ಎಂಜಿನ್ ಸುಳ್ಳು ಹೇಳಲ್ಲ ಮೇಡಂ."

"ಹಾಗಾದ್ರೆ ನಾನು ಹೇಳ್ತಿದ್ದೀನಾ?"

ಅವನು ಬಾಗಿಲು ಎಳೆದುಕೊಂಡು ಹೋದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಪ್ರೀತಿ ಬರುವುದೂ ಮೂಗಿನ ದಾರಿಯಿಂದಲೇ ಇರಬೇಕು. ಅವನು ಹೋದ ಮೇಲೆ ಕೋಣೆಯಲ್ಲಿ ಸೋಪಿನ ವಾಸನೆ ಉಳಿದಿತ್ತು, ಅವಳು ಸಂಜೆಯವರೆಗೂ ಆ ಕೋಣೆಯ ಫ್ಯಾನ್ ಹಾಕಲಿಲ್ಲ.

ಗುರುವಾರ ಮೂರನೇ ಪರೀಕ್ಷೆ. ಮೆಕ್ಯಾನಿಕ್ ಮತ್ತೆ ಎಲ್ಲವನ್ನೂ ತೊಳೆದು ಕೊಟ್ಟಿದ್ದ. ಈ ಸಲ ಅವಳೂ ಸ್ವಲ್ಪ ಚೆಂದದ ಉಡುಪಿನಲ್ಲಿಯೇ ಬಂದಿದ್ದಳು. ಹೊಗೆ ಪರೀಕ್ಷೆಗೆ ಅದರ ಅಗತ್ಯವೇನು ಎಂದು ಕನ್ನಡಿ ಕೇಳಿತ್ತು, ಅವಳು ಉತ್ತರ ಕೊಟ್ಟಿರಲಿಲ್ಲ.

ಮತ್ತೆ ಫೇಲ್.

ಹೇಳುವಾಗ ಅವನು ಅವಳ ಕಣ್ಣು ತಪ್ಪಿಸಿದ. ಆಗಲೇ ಅವಳಿಗೆ ಕೌಂಟರಿನ ಹಿಂದಿನ ಗೂಟದಲ್ಲಿ ನೇತಾಡುತ್ತಿದ್ದ ಕೊಡೆ ಕಂಡಿತು. ಹಿಡಿಗೆ ಹೊಲಿಗೆ ಮಷಿನ್ನಿನ ಕಪ್ಪು ದಾರ ಒತ್ತೊತ್ತಾಗಿ ಸುತ್ತಿದ ಕೊಡೆ. ಹಾಗೆ ಸುತ್ತುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ.

"ನಮ್ಮಪ್ಪ ಇಲ್ಲಿಗೆ ಬಂದಿದ್ರಾ?"

"ಬಂದಿದ್ರು. ನಿನ್ನೆ. ಕೊಡೆ ಮರೆತು ಹೋದ್ರು."

"ಯಾಕೆ ಬಂದಿದ್ರು?"

"ಅದನ್ನ ಅವರನ್ನೇ ಕೇಳಿ."

"ಫೇಲ್ ಮಾಡಿ ಅಂತ ಕೇಳಿದ್ರಾ?"

"ಕೇಳಿದ್ದು ನಿಜ. ಆದ್ರೆ ನಾನು..."

"ಸಾಕು."

ಅವಳ ದನಿ ಏರಿತು. ಸಾಲಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಬೆಂಕಿ ಇಲ್ದೆ ಹೊಗೆ ಬರಲ್ಲ ಅಂತ ಈಗ ಗೊತ್ತಾಯ್ತು. ನನ್ನ ಅಂಗಡಿಗೆ ಬಂದು, ನಗ್ತಾ ಮಾತಾಡಿ, ಹಿಂದಿನಿಂದ ಇದಾ ನಿಮ್ಮ ಕೆಲಸ? ಆ ಗಾಡಿ ಮನೇಲಿದ್ರೆ ನಮ್ಮಪ್ಪ ಒಂದು ದಿನ ಯಾರಿಗಾದ್ರೂ ಗುದ್ದಿ ತಾವೂ ಉಳಿಯಲ್ಲ. ಅದು ನಿಮ್ಮ ತಲೆ ಮೇಲೆ ಇರ್ಲಿ."

"ಮೇಡಂ, ನಾನು ಬರೆದಿದ್ದು ಮಷಿನ್ ಹೇಳಿದ್ದನ್ನ ಮಾತ್ರ."

"ನಿಮ್ಮ ಕನ್ನಡಕ ಯಾರ ಕೈಲಾದ್ರೂ ಕಳಿಸ್ತೀನಿ. ನನ್ನ ಅಂಗಡಿ ಮೆಟ್ಟಿಲು ಹತ್ಬೇಡಿ."

ಕೊಡೆ ಕಿತ್ತುಕೊಂಡು ಬಂದಳು. ದಾರಿಯುದ್ದಕ್ಕೂ ಕಣ್ಣೀರು. ಅಪ್ಪನ ಮೇಲೋ, ಅವನ ಮೇಲೋ, ಅವನಿಗಾಗಿ ಆರಿಸಿಟ್ಟ ಆ ತೆಳು ಚೌಕಟ್ಟಿನ ಮೇಲೋ... ಅವಳಿಗೇ ತಿಳಿಯಲಿಲ್ಲ. ಮನೆಯಲ್ಲಿ ಕೊಡೆಯನ್ನು ಅಪ್ಪನ ಎದುರಿಗಿಟ್ಟು ಒಳಗೆ ಹೋದಳು. ಅಪ್ಪ ಕೊಡೆ ನೋಡುತ್ತಾ ಕೂತರು. ಆ ರಾತ್ರಿ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟವಳು ಬೀದಿಯ ತುದಿ ತಲುಪಿದಾಗ ಅಂಗಡಿಯ ಬೀಗದ ಕೈ ಮರೆತದ್ದು ನೆನಪಾಯಿತು. ಗೊಣಗುತ್ತಾ ಹಿಂದಿರುಗಿದಳು. ಗೇಟಿನ ಹತ್ತಿರ ಬಂದಾಗ ಸದ್ದು ಕೇಳಿತು.

ಮುದುಕಿಯ ಸದ್ದು!

ಗೇಟು ತಳ್ಳಿಕೊಂಡು ಓಡಿದಳು.

ಕಾರು ನಿಂತಲ್ಲೇ ನಿಂತಿತ್ತು, ಎಂಜಿನ್ ಗುರುಗುಡುತ್ತಿತ್ತು. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಎರಡು ಕೈಯೂ ಸ್ಟಿಯರಿಂಗ್ ಮೇಲೆ. ಕಣ್ಣು ಮುಚ್ಚಿತ್ತು. ಎಲ್ಲಿಗೂ ಹೋಗದ ದಾರಿಯಲ್ಲಿ ಅವರು ಆರಾಮಾಗಿ ಹೋಗುತ್ತಿದ್ದರು.

"ಅಪ್ಪ..."

ಅಪ್ಪ ಬೆಚ್ಚಿ ಕಣ್ಣು ತೆರೆದರು. ಕದ್ದು ಸಿಕ್ಕಿಬಿದ್ದ ಮುಖ. "ಗೇಟು ದಾಟಿಸಿಲ್ಲ ಗುಬ್ಬಿ. ಗೇರ್ ಕೂಡ ಹಾಕಿಲ್ಲ. ಕೊಟ್ಟ ಮಾತು ಮೀರಿಲ್ಲ."

"ಕೀ ಎಲ್ಲಿಂದ ಬಂತು?"

"ಇನ್ನೊಂದಿತ್ತು. ಶೇವಿಂಗ್ ಡಬ್ಬಿಯಲ್ಲಿ."

"ದಿನಾ ಹೀಗೆ ಮಾಡ್ತೀರಾ?"

"ನೀನು ಹೋದ್ಮೇಲೆ ಒಂದು ಗಳಿಗೆ. ಈ ಸದ್ದು ಕೇಳಿದ್ರೆ ಕೆಲಸಕ್ಕೆ ಹೊರಟ ಹಾಗೆ ಇರುತ್ತೆ. ಅಷ್ಟೇ."

ಅವಳು ಆ ಕಡೆಯ ಬಾಗಿಲು ತೆರೆದಳು. ಪಕ್ಕದ ಸೀಟಿನಲ್ಲಿ ಕುಸಿದು ಕೂತಳು. ನಿಂತಲ್ಲೇ ತಣ್ಣಗೆ ಉರಿದರೆ ಮಸಿ ಕಟ್ಟುತ್ತದೆ... ಅವನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

"ಅವನಿಗೆ ಹೇಳಿದ್ರಾ ಇದನ್ನ?"

"ಹೇಳ್ದೆ. ಫೇಲ್ ಮಾಡಪ್ಪಾ ಅಂತನೂ ಕೇಳ್ದೆ. ಒಳ್ಳೆ ಹುಡುಗ, ಟೀ ತರಿಸಿ ಕೊಟ್ಟ. ಆಮೇಲೆ ಹೇಳ್ದ, ಸಾರ್, ನಾನು ಸುಳ್ಳು ಪಾಸೂ ಹಾಕಲ್ಲ, ಸುಳ್ಳು ಫೇಲೂ ಹಾಕಲ್ಲ. ಆದ್ರೆ ನಿಮ್ಮ ಮಗಳಿಗೆ ಇದು ಗೊತ್ತಾಗ್ಲೇಬೇಕು, ನನ್ನ ಬಾಯಿಂದ ಬೇಡ, ನೀವೇ ಹೇಳಿ ಅಂದ. ಹೇಳ್ತೀನಿ ಅಂತ ಬಂದೆ. ಧೈರ್ಯ ಆಗ್ಲಿಲ್ಲ."

"ನನ್ನ ಹತ್ರ ಮಾತಾಡೋಕೆ ಧೈರ್ಯ ಬೇಕಾ ಅಪ್ಪ?"

ಅಪ್ಪ ಎಂಜಿನ್ ಆರಿಸಿದರು. "ಯಾರೋ ಗಿರಾಕಿಗೆ ಕಣ್ಣು ಹೋಗ್ತಿದೆ ಅಂದ್ರೆ ಪಕ್ಕ ಕೂತು, ಕೈ ಹಿಡಿದು ಹೇಳ್ತೀಯ, ನಾನೇ ನೋಡಿದ್ದೀನಿ. ನಂಗೆ ಮಾತ್ರ ಹತ್ತು ಜನರ ಮುಂದೆ ಹೇಳಿಬಿಟ್ಟೆ. ಕೀ ತಗೊಂಡು ಹೋದೆ. ಕೊಡಿ ಅಂತ ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಗುಬ್ಬಿ."

ಊರಿಗೆ ಉಪಕಾರಿ, ಮನೆಗೆ ಮಾರಿ. ಗಾದೆ ಅವಳಿಗಾಗಿಯೇ ಮಾಡಿದಂತಿತ್ತು.

ಅವಳು ಅಪ್ಪನ ಕೈ ಹಿಡಿದಳು. "ನಂಗೆ ಭಯ ಅಪ್ಪ. ಅಮ್ಮನೂ ಇಲ್ಲ. ನಿಮಗೇನಾದ್ರೂ ಆದ್ರೆ..." ಮುಂದಿನದು ಅಳುವಿನಲ್ಲಿ ಹೋಯಿತು.

ಅಪ್ಪ ಅವಳ ತಲೆ ಸವರಿದರು. "ಮಾರೋಣ," ಎಂದರು. "ಆದ್ರೆ ಕೀ ನಾನೇ ನನ್ನ ಕೈಯಾರೆ ಕೊಡ್ಬೇಕು."

ಶನಿವಾರ ಬೆಳಿಗ್ಗೆ ಅವಳು ಹೊಗೆ ತಪಾಸಣೆ ಕೇಂದ್ರಕ್ಕೆ ಫೋನ್ ಮಾಡಿದಳು. ಅತ್ತಲಿಂದ "ಹಲೋ" ಎಂಬ ಅವನ ದನಿ ಕೇಳಿದ್ದೇ ತಡ, ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ನಾನು... ಅಪ್ಪ ಎಲ್ಲಾ ಹೇಳಿದ್ರು. ತಪ್ಪಾಯ್ತು. ಈಗ ಏನ್ ಮಾಡ್ಬೇಕು?"

ಅವನು ಒಂದು ಕೊಂಕು ಮಾತೂ ಆಡಲಿಲ್ಲ. ಅದೇ ಅವಳಿಗೆ ಜಾಸ್ತಿ ನೋವಾಯಿತು.

"ಪ್ಲಗ್ ಒರೆಸಿ ಹಾಕ್ಸಿ. ಊರ ಹೊರಗಿನ ದೊಡ್ಡ ರಸ್ತೆಯಲ್ಲಿ ನಿಲ್ಲಿಸದೆ ದೂರ ಓಡಿಸಿ. ಒಳಗಿನ ಮಸಿ ಉರಿದು ಹೋಗ್ಬೇಕು. ಬಿಸಿ ಆರೋದ್ರೊಳಗೆ ನೇರ ಇಲ್ಲಿಗೆ ಬನ್ನಿ. ಆ ಗಾಡಿಗೆ ಕಾಯಿಲೆ ಏನಿಲ್ಲ, ಕೂತು ಕೂತು ಹಾಗಾಗಿದೆ."

"ಪಾಸ್ ಆಗುತ್ತಾ?"

"ಆಗುತ್ತೆ ಅನ್ಸುತ್ತೆ." ಅವನ ದನಿಯಲ್ಲಿ ಉತ್ಸಾಹ ಇರಲಿಲ್ಲ.

ಅವಳು ಓಡಿಸಿದಳು, ಅಪ್ಪ ಪಕ್ಕದಲ್ಲಿ ಕೂತರು. ರಸ್ತೆ ತೆರೆದುಕೊಂಡಾಗ ಅಪ್ಪ ಗಾಜು ಇಳಿಸಿ ಕಿವಿ ಹೊರಗೆ ಕೊಟ್ಟರು.

"ಗೇರ್ ಇಳಿಸು. ಒತ್ತು. ಇನ್ನೂ ಒತ್ತು, ಮುರಿಯಲ್ಲ ಅವಳು."

"ಅಪ್ಪ, ಹಿಂದೆ ಕಪ್ಪು ಹೊಗೆ ಬರ್ತಿದೆ."

"ಬರ್ಲಿ. ಹೊಟ್ಟೇಲಿ ಇಟ್ಕೊಂಡಿದ್ದೆಲ್ಲ ಹೊರಗೆ ಹೋಗ್ಲಿ."

ಏರು ಬಂತು. ಮುದುಕಿ ನರಳಿದಳು, ಕೆಮ್ಮಿದಳು, ಹತ್ತಿದಳು. ಇಳಿಜಾರಿನಲ್ಲಿ ಸದ್ದು ನುಣ್ಣಗಾಯಿತು. ಅಪ್ಪ ಯಾವ ಊರಿನಲ್ಲಿ ಯಾವ ದರ್ಜಿಯ ಮಷಿನ್ ಹೇಗೆ ಹಟ ಮಾಡುತ್ತಿತ್ತು ಎಂದು ಹೇಳುತ್ತಾ ಹೋದರು. ಅವಳು ಕನ್ನಡಿಯಲ್ಲಿ ನೋಡಿದಾಗ ಹಿಂದೆ ಬರೀ ರಸ್ತೆ ಕಾಣುತ್ತಿತ್ತು.

ಶೆಡ್ಡಿನ ಮುಂದೆ ಡ್ರೈವಿಂಗ್ ಸ್ಕೂಲಿನ ಮೇಡಂ ಆಗಲೇ ಬಂದು ಕಾಯುತ್ತಿದ್ದರು. ಅಪ್ಪ ಇಳಿದು ಅವರ ಜೊತೆ ನಿಂತರು. ಹೊಗೆ ಸಾಹೇಬ ಕಾರಿನ ಹತ್ತಿರ ಬಂದ. ಕೊಳವೆ ಎತ್ತಿಕೊಂಡವನು ಯಾಕೋ ಅದನ್ನು ಪಕ್ಕದ ಸಾಲಿನವನ ಕೈಗೆ ಕೊಟ್ಟ.

"ಇದನ್ನ ನೀನು ಮಾಡಪ್ಪ."

ಅವಳಿಗೆ ಚುಚ್ಚಿದಂತಾಯಿತು. ಕಾರಿನಿಂದ ಇಳಿದು ಸೀದಾ ಅವನ ಎದುರು ನಿಂತಳು. "ನಾನು ತಪ್ಪಾಯ್ತು ಅಂದ್ನಲ್ಲ. ಇನ್ನೂ ಸಿಟ್ಟಾ? ನನ್ನ ಗಾಡಿ ಮುಟ್ಟೋಕೂ ಆಗಲ್ವಾ?"

"ಸಿಟ್ಟಲ್ಲ ಮೇಡಂ." ಅವನು ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತಾ ನಿಂತ. "ಗುರುವಾರ ಸ್ಕ್ರೀನಲ್ಲಿ ಮತ್ತೆ ಕೆಂಪು ಬಂತಲ್ಲ, ಆಗ ನನಗೆ ಖುಷಿ ಆಯ್ತು."

"ಏನು?"

"ಇನ್ನೊಂದ್ಸಲ ಬರ್ತೀರಲ್ಲ ಅಂತ. ಅಂಕಿ ನಾನು ತಿದ್ದಿಲ್ಲ, ಆಣೆಗೂ ತಿದ್ದಿಲ್ಲ. ಆದ್ರೆ ನಿಮ್ಮ ಗಾಡಿ ಫೇಲಾದ್ರೆ ಖುಷಿಪಡೋ ಮನುಷ್ಯ ಆ ಗಾಡಿ ಪರೀಕ್ಷೆ ಮಾಡಬಾರ್ದು. ಅದಕ್ಕೇ ಅವನಿಗೆ ಕೊಟ್ಟೆ."

ಇಷ್ಟು ದಿನ ಅವಳು ಇವನ ಮೇಲೆ ಬೆಟ್ಟದಷ್ಟು ಕೋಪ ಕಟ್ಟಿಕೊಂಡು ಬಂದಿದ್ದಳು. ಈಗ ಹುಡುಕಿದರೆ ಒಂದು ಹಿಡಿಯೂ ಸಿಗಲಿಲ್ಲ.

"ಪಾಸ್!" ಪಕ್ಕದ ಸಾಲಿನವನು ಕೂಗಿದ.

ಅಪ್ಪ ಮುದುಕಿಯ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟರು. ಎರಡು ಕೀಲಿಯನ್ನೂ ಮೇಡಂ ಕೈಗೆ ತಾವೇ ಕೊಟ್ಟರು. "ಏರಲ್ಲಿ ನರಳ್ತಾಳೆ, ಹೆದರ್ಬೇಡಿ. ನಿಂತಲ್ಲಿ ಮಾತ್ರ ಉರಿಸ್ಬೇಡಿ, ಓಡಿಸ್ತಾ ಇರಿ," ಎಂದರು. ಮುದುಕಿ ರಸ್ತೆಗೆ ತಿರುಗಿ ಕಣ್ಮರೆಯಾಗುವವರೆಗೂ ನೋಡಿದರು. ಮಗಳು ಅವರ ತೋಳು ಹಿಡಿದು ನಿಂತಿದ್ದಳು.

"ಮನೆಗೆ ಹೋಗೋದು ಹೇಗೆ ಗುಬ್ಬಿ ಈಗ?" ಕಣ್ಣೊರೆಸಿಕೊಂಡು ಕೇಳಿದರು.

"ನನ್ನ ಗಾಡಿ ಇದೆ ಸಾರ್," ಎಂದ ಹೊಗೆ ಸಾಹೇಬ. "ಬಿಟ್ಟು ಬರ್ತೀನಿ."

"ಅದರದ್ದು ಹೊಗೆ ಪರೀಕ್ಷೆ ಆಗಿದೆಯಾ?"

"ಮುಂದಿನ ತಿಂಗಳಿದೆ ಸಾರ್."

"ನೋಡು ಮತ್ತೆ, ಇವನದೇ ಇನ್ನೂ ಬಾಕಿ," ಎಂದು ಅಪ್ಪ ಮಗಳ ಕಡೆ ನೋಡಿ, ಕೊಡೆ ಊರಿಕೊಂಡು ಮುಂದೆ ನಡೆದರು. ಬೇಕೆಂದೇ ನಿಧಾನವಾಗಿ ನಡೆದರು.

ಅವಳು ಬ್ಯಾಗಿನಿಂದ ತೆಳು ಚೌಕಟ್ಟಿನ ಕನ್ನಡಕ ತೆಗೆದಳು. ಯಾರ ಕೈಯಲ್ಲೋ ಕಳಿಸುವ ಮಾತು ಶುಕ್ರವಾರವೇ ಸತ್ತಿತ್ತು. ತಾನೇ ಅವನ ಕಿವಿಗೆ ಸಿಕ್ಕಿಸಿ, ಮೂಗಿನ ಮೇಲೆ ಸರಿಮಾಡಿದಳು.

"ಹೇಗೆ ಕಾಣುತ್ತೆ?"

"ಚೆನ್ನಾಗಿ ಕಾಣುತ್ತೆ. ಆದ್ರೆ ನಿಮ್ಮ ಅಂಗಡಿ ಮೆಟ್ಟಿಲು ಹತ್ಬೇಡ ಅಂದಿದ್ರಿ."

"ಹೊಸ ಕನ್ನಡಕ ಹೊಂದಿಕೊಂಡಿದೆಯಾ ಅಂತ ಮತ್ತೆ ಪರೀಕ್ಷೆ ಮಾಡ್ಬೇಕಾಗುತ್ತೆ. ಬರ್ಲೇಬೇಕು."

"ಎಷ್ಟು ಸಲ?"

"ನನ್ನ ಗಾಡಿನ ಎಷ್ಟು ಸಲ ಫೇಲ್ ಮಾಡಿದ್ರಿ?"

"ಮೂರು."

"ಮೊದ್ಲು ಅಷ್ಟು ಸಲ ಬನ್ನಿ," ಎಂದಳು ಅವಳು. ನುಂಗಿಕೊಂಡಿದ್ದ ನಗುವೆಲ್ಲ ಈಗ ಹೊರಗೆ ಬಂತು. "ಅಷ್ಟು ಸಲನೂ ಫೇಲ್ ಮಾಡಿ ಕಳಿಸ್ತೀನಿ."

"ಆಮೇಲೆ?"

"ಆಮೇಲೆ ಕಳಿಸಲ್ಲ."